ಬಿಸಿಲಿಗೆ ಹಾಕಿದ ಹಿಂಡಿ

ಭಾಂಡುಪ್‌ನ ಚಾಳಿನ ಹಿಂದೆ ಕಾಶವ್ವ ಸಾಕಿದ ಕೋಳಿಗಳ ಕೆಂಪು ಜುಟ್ಟು ಆ ಮಳೆಗಾಲದಲ್ಲಿ ಒಂದೊಂದಾಗಿ ಬಿಳುಚತೊಡಗಿತು. ಹುಂಜ ಅರ್ಧ ಕೂಗಿ ಸುಮ್ಮನಾಗುತ್ತಿತ್ತು. ಉಳಿದರ್ಧವನ್ನು ಗಂಡ ಮರೆಪ್ಪ ಹಾಸಿಗೆಯಲ್ಲೇ ಕೂಗಿ ಮುಗಿಸುತ್ತಿದ್ದ.

"ನಗಬ್ಯಾಡ್ರಿ! ಇವು ಹ್ವಾದ್ರ ನಾ ಯಾರ ಮ್ಯಾಲೆ ಒದರ್ಲಿ?"

"ನಾ ಇಲ್ಲೇನ?"

ಅವಳ ಊರಲ್ಲಿ ರಕ್ತ ಕಮ್ಮಿಯಾದವರಿಗೆ ಶೇಂಗಾ–ಬೆಲ್ಲ ತಿನ್ನಿಸುವುದು ರೂಢಿ. ಕೋಳಿಗೇನು ಬೇರೆ ರಕ್ತವೇ? ಕಾಶವ್ವ ಎಣ್ಣೆ ತೆಗೆದ ಶೇಂಗಾ ಹಿಂಡಿಗೆ ಬೆಲ್ಲ ಕಲಸಿ ಎರಡೆರಡು ಹಿಡಿ ಹೆಚ್ಚೇ ಹಾಕಿದಳು. ತಿಂದಷ್ಟೂ ಬಿಳುಚಿದವು. ಕೊನೆಗೊಂದು ಹ್ಯಾಟೆ ಕೋಳಿಯ ಕಾಲಿಗೆ ತಗಡು ಗೀರಿತು. ಅರಿಸಿನ ಒತ್ತಿದರೂ ರಕ್ತ ನಿಲ್ಲದೆ ಅದು ಅವಳ ಮಡಿಲಲ್ಲೇ ಸತ್ತಿತು.

ಸತ್ತದ್ದನ್ನು ಚೀಲದಲ್ಲಿ ಸುತ್ತಿ ಘಾಟ್ಕೋಪರ್‌ನ ದನದ ಡಾಕ್ಟರರ ಬಳಿ ಒಯ್ದಳು. ಅವರು ನಿಪ್ಪಾಣಿ ಕಡೆಯವರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಹೊಟ್ಟೆ ಸೀಳಿ ನೋಡಿದರು: ಹಳದಿಯಾದ ಯಕೃತ್ತು, ಮಾಂಸದ ತುಂಬ ಕಂದಿದ ಕಲೆ.

"ಬಾಯೀ, ಹಿಂಡಿಗೆ ಬೂಷ್ಟ ಹಿಡದಿತ್ತೇನ?"

"ಹಿಡದಿತ್ರೀ, ಮಾಳಗಿ ಸೋರಿ. ತಿಕ್ಕಿ ತೊಳದು ಬಿಸಲಿಗೆ ಹಾಕೀನ್ರಿ. ಎಳಿ ಬೂಷ್ಟ ಉಳದಿಲ್ರಿ."

"ಬೂಷ್ಟ ಹೋತು. ಅದು ಬಿಟ್ಟ ವಿಷ ಹೋಗಂಗಿಲ್ಲ. ಯಕೃತ್ತು ಕೆಡಸ್ತದ. ರಕ್ತ ಹೆಪ್ಪುಗಟ್ಟಂಗಿಲ್ಲ, ಹೊಸದು ಹುಟ್ಟಂಗಿಲ್ಲ."

"ಆ ವಿಷ ಕಣ್ಣಿಗೆ ಕಾಣ್ತದೇನ್ರಿ?"

"ಇಲ್ಲ."

"ವಾಸನಿ?"

"ಇಲ್ಲ."

"ಮತ್ತ ನನಗ್ಹ್ಯಾಂಗ ತಿಳೀಬೇಕ್ರಿ?"

"ಇದ್ದ ಹಿಂಡಿ ಎಲ್ಲಾ ಹುಗದ ಬಿಡು ಬಾಯಿ," ಎಂದು ಡಾಕ್ಟರರು ಕೈ ತೊಳೆಯಲು ಎದ್ದರು.

ಮನೆಗೆ ಬಂದು ಹಿಂಡಿಯ ಚೀಲವನ್ನು ಗುಂಡಿ ತೋಡಿ ಹುಗಿದಳು. ಉಳಿದ ಕೋಳಿಗಳು ಕಾಲಿಗೆ ಸುತ್ತಿಕೊಂಡು ಅದನ್ನೇ ಬೇಡಿದವು. ಜೋಳ ಚೆಲ್ಲಿದರೆ ಮುನಿಸಿಕೊಂಡವು. ಬಲ ಬರಲೆಂದು ಹಾಕಿದ ಕೈಯೇ ಬಲ ಕಿತ್ತುಕೊಂಡಿತೇ? ಹಾಗಾದರೆ ಬಿಸಿಲು ಏನನ್ನು ಒಣಗಿಸಿತು? ಬರೀ ಕಣ್ಣಿಗೆ ಕಾಣುವುದನ್ನೇ? ಯೋಚಿಸಿದಷ್ಟೂ ತಲೆ ಕೆಟ್ಟಿತು.

ಒಳಗೆ ಮರೆಪ್ಪ ರೊಟ್ಟಿಗೆ ಕೂತಿದ್ದ. ನಡೆದದ್ದನ್ನೆಲ್ಲ ಕೇಳಿ, ಮೂಗಿನ ತುದಿಗೆ ಇಲ್ಲದ ಕನ್ನಡಕ ಇಳಿಸಿ, "ಬಾಯೀ, ಶೇಂಗಾ ಚಟ್ನಿ ಹಾಕು," ಎಂದ.

ಚಟ್ನಿಯ ಡಬ್ಬಿ ತೆರೆದವಳ ಕೈ ನಿಂತಿತು. ಈ ಶೇಂಗಾ ಸಹ ಅದೇ ಸೋರಿಕೆಯಲ್ಲಿ ನೆನೆದದ್ದು, ಅದೇ ಬಿಸಿಲಿಗೆ ಹಾಕಿದ್ದು. ಮೂಸಿದಳು. ಬೆಳ್ಳುಳ್ಳಿಯ ಘಮ, ಬಾಯಲ್ಲಿ ನೀರೂರುವಂಥದ್ದು.

ಡಬ್ಬಿ ಮುಚ್ಚಿ, ಗಂಡನ ಎದುರು ಕೂತು, ಅವನ ಕೆಳರೆಪ್ಪೆ ಜಗ್ಗಿ ಬೆಳಕಿಗೆ ಹಿಡಿದಳು.

"ಏನ್ ನೋಡಾಕತ್ತೀಯೇ?"

"ಜುಟ್ಟ," ಎಂದಳು ಕಾಶವ್ವ.