ಬೀಗ ಬಿದ್ದ ವೇಗ

ಡಿಪೋದಲ್ಲಿ ಅವನಿಗೆ ರಾಕೆಟ್ ಅಂತಲೇ ಹೆಸರು. ಕಂಪನಿಯವರು ಎಲ್ಲ ಲಾರಿಗಳಿಗೂ ವೇಗದ ಬೀಗ ಜಡಿದ ಮೇಲೆ ಆ ಹೆಸರೇ ಅವನಿಗೆ ಮುಳ್ಳಾಯಿತು. "ಏನಪ್ಪಾ ರಾಕೆಟ್, ಬರೀ ಹೊಗೆ ಬಿಡೋದಷ್ಟೇ ಉಳೀತಾ?" ಅಂತ ಪಂಕ್ಚರ್ ಹಾಕುವವನೂ ಕಾಲೆಳೆಯುವಂತಾಯಿತು.

ಬೀಗ ಅಂದರೆ ಅಂಗೈಯಗಲದ ಒಂದು ಕಪ್ಪು ಡಬ್ಬಿ. ಸ್ಟೀರಿಂಗ್ ಕೆಳಗೆ ಕೂತು ಎಂಜಿನ್ನಿನ ಕತ್ತು ಹಿಡಿದಿರುತ್ತದೆ. ಎಷ್ಟೇ ತುಳಿದರೂ ಎಪ್ಪತ್ತಕ್ಕಿಂತ ಮೇಲೆ ಬಿಡುವುದಿಲ್ಲ. ಹೇಗೋ ದಾಟಿದರೆ ಕೀಂಯ್ ಅಂತ ಕಿರುಚಿ ಆಫೀಸಿಗೆ ಚಾಡಿ ಹೇಳುತ್ತದೆ. ಒಂದೇ ಓಟದಲ್ಲಿ ಮೂರು ಚಾಡಿಯಾದರೆ ಮುಗಿಯಿತು, ಲಾರಿ ಮೂವತ್ತರಲ್ಲೇ ತೆವಳಬೇಕು. ಆಮೇಲೆ ಆಫೀಸಿನವರು ಕೂತಲ್ಲಿಂದಲೇ ಬಿಡಿಸಬೇಕು. ಇಷ್ಟು ಹೊತ್ತಿಗೆ ಮಾಲು ತಲುಪಿಸುತ್ತೇವೆ ಅಂತ ಗಿರಾಕಿಗೆ ಮಾತು ಕೊಡುವವರೂ ಅದೇ ಕಟ್ಟಡದಲ್ಲಿದ್ದಾರೆ, ವೇಗ ಗೊತ್ತುಮಾಡುವವರೂ ಅಲ್ಲೇ ಇದ್ದಾರೆ. ಒಬ್ಬರ ಮುಖ ಇನ್ನೊಬ್ಬರು ನೋಡಿದಂತೆ ಕಾಣುವುದಿಲ್ಲ. ಇಬ್ಬರ ನಡುವೆ ಸಿಕ್ಕಿ ನುಜ್ಜಾಗುವುದು ಡ್ರೈವರ್.

ಆವತ್ತು ಅವನ ಲಾರಿಯಲ್ಲಿ ಇದ್ದದ್ದು ಆಗ ತಾನೇ ಮೊಟ್ಟೆಯೊಡೆದು ಬಂದ ಕೋಳಿಮರಿ. ಹೋಗಬೇಕಾದ್ದು ಅವನ ಸ್ವಂತ ಅಕ್ಕನ ಶೆಡ್ಡಿಗೆ. ಗಾರ್ಮೆಂಟ್ಸಿನಲ್ಲಿ ಗುಂಡಿ ಹೊಲಿದು ಹೊಲಿದು ಕಣ್ಣು ಸವೆಸಿಕೊಂಡ ಅಕ್ಕ, ಭಾವನ ಜೊತೆ ಸೇರಿ ಕಟ್ಟಿದ ಶೆಡ್ಡು ಅದು. ಮೊದಲ ತಂಡದ ಮರಿ. "ಈ ಲೋಡು ನನಗೇ ಕೊಡಿ ಸಾರ್" ಅಂತ ಅವನೇ ಸೂಪರ್‌ವೈಸರ್ ಬೆನ್ನು ಹತ್ತಿ ಕೇಳಿ ಪಡೆದಿದ್ದ.

ಮರಿ ಲಾರಿ ನಿಲ್ಲಬಾರದು. ಪಕ್ಕದ ಕಿಂಡಿಗಳಿಂದ ನುಗ್ಗುವ ಗಾಳಿಯೇ ಮರಿಗಳ ಉಸಿರು. ಲಾರಿ ನಿಂತರೆ ಗಾಳಿ ನಿಲ್ಲುತ್ತದೆ, ತಮ್ಮ ಮೈಯ ಕಾವಿಗೆ ತಾವೇ ಬೆಂದುಹೋಗುತ್ತವೆ. ಬೆಳ್ಳಂಬೆಳಗ್ಗೆ ಹೊರಟಿದ್ದರೆ ಚಿಂತೆಯಿರಲಿಲ್ಲ. ಆದರೆ ಮರಿಗಳಿಗೆ ಲಸಿಕೆ ಸಿಂಪಡಿಸುವ ಯಂತ್ರ ಕೈಕೊಟ್ಟು, ಲೋಡು ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೇರುತ್ತಿತ್ತು.

ಹೆದ್ದಾರಿಗೆ ಬಿದ್ದ ಸ್ವಲ್ಪ ಹೊತ್ತಿಗೇ ಮುಂದೊಂದು ಸಿಮೆಂಟ್ ಲಾರಿ ಸಿಕ್ಕಿತು. ರಾಕೆಟ್ ಬಲಕ್ಕೆ ಎಳೆದ. ಅದಕ್ಕೂ ಅದೇ ಬೀಗ! ಎರಡೂ ಲಾರಿ ಜೋಡೆತ್ತಿನ ಹಾಗೆ ಭುಜಕ್ಕೆ ಭುಜ ತಾಗಿಸಿ ನಡೆದವು. ಹಿಂದೆ ಕಾರುಗಳು ಹಾರ್ನು ಹೊಡೆದು ಇಬ್ಬರ ವಂಶವನ್ನೂ ಬೈದವು. ಪಕ್ಕದ ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಕೂಗಿದ: "ಅಣ್ಣೋ, ನಂದೂ ಎಪ್ಪತ್ತು, ನಿಂದೂ ಎಪ್ಪತ್ತು. ಹೀಗೇ ಹೋಗೋದಾದ್ರೆ ಮದುವೆನೇ ಆಗ್ಬಿಡೋಣ!"

ರಾಕೆಟ್‌ಗೆ ನಗು ಬರಲಿಲ್ಲ. ಹಲ್ಲು ಕಚ್ಚಿ ಮತ್ತೆ ಹಿಂದಕ್ಕೆ ಸರಿದ. ಅಷ್ಟರಲ್ಲಿ ಅಕ್ಕನ ಫೋನು.

"ಎಲ್ಲಿದ್ದೀಯೋ? ಹೊಟ್ಟು ಹರಡಿ, ದೀಪ ಹಾಕಿ, ಸಕ್ಕರೆ ನೀರಿಟ್ಟು ಕೂತಿದ್ದೀವಿ. ನಿಮ್ಮ ಭಾವ ನೂರು ಸಲ ಗೇಟಿಗೆ ಹೋಗಿ ಬಂದ್ರು."

"ಬಂದೆ ಅಕ್ಕ. ಬಂದೇಬಿಟ್ಟೆ."

ಮುಂದೆ ಉದ್ದನೆಯ ಇಳಿಜಾರು. ಎಂಜಿನ್ನಿಗೆ ಬೀಗ ಹಾಕಬಹುದು, ಇಳಿಜಾರಿಗೆ ಹಾಕುವ ಗಂಡಸು ಇನ್ನೂ ಹುಟ್ಟಿಲ್ಲ. ಡಿಪೋದ ಹಳಬರ ಲೆಕ್ಕ ಒಂದಿತ್ತು: ಮೂರನೆಯ ಚಾಡಿಗೆ ತಾನೇ ಶಿಕ್ಷೆ, ಎರಡು ನಮ್ಮವು. ಒಂದು ಇಳಿಜಾರಿಗೆ ಒಂದು ಚಾಡಿ ಅಂದುಕೊಂಡು ಅವನು ಗೇರು ನ್ಯೂಟ್ರಲ್ಲಿಗೆ ತಳ್ಳಿದ. ಲಾರಿ ಹಗುರಾಗಿ ಹಾರಿತು. ಕೀಂಯ್! ಕಿಂಡಿಗಳಲ್ಲಿ ಗಾಳಿ ಸಿಳ್ಳೆ ಹಾಕಿತು, ಹಿಂದಿನಿಂದ ಮರಿಗಳ ಚಿಂವ್‌ಚಿಂವ್ ಕೇಳಿ ಎದೆ ತಣ್ಣಗಾಯಿತು.

ಆದರೆ ಆ ಇಳಿಜಾರಿನ ನಡುವೆ ಎರಡು ಕಡೆ ರಸ್ತೆ ಏರಿ ಇಳಿಯುತ್ತಿತ್ತು. ಅಲ್ಲಿ ವೇಗ ಎಪ್ಪತ್ತಕ್ಕಿಂತ ಕೆಳಗಿಳಿದು ಮತ್ತೆ ಏರಿತು. ಡಬ್ಬಿ ಇಳಿಜಾರನ್ನು ಎಣಿಸುವುದಿಲ್ಲ, ದಾಟಿದ್ದನ್ನು ಎಣಿಸುತ್ತದೆ. ಕೀಂಯ್. ಬ್ರೇಕಿಗೆ ಕಾಲು ಹೋಗುವಷ್ಟರಲ್ಲಿ ಇನ್ನೊಮ್ಮೆ ಕೀಂಯ್.

ಕೆಳಗೆ ಬಂದು ಗೇರು ಹಾಕಿದ. ಲಾರಿ ಪೆಟ್ಟು ತಿಂದ ಹಾವಿನ ಹಾಗೆ ತೆವಳಿತು. ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದ, ಒದ್ದ, ಡಬ್ಬಿಗೆ ಕೇಳಬಾರದ ಮಾತೆಲ್ಲ ಅಂದ. ಅದಕ್ಕೆ ಕಿವಿಯಿಲ್ಲ, ಬಾಯಷ್ಟೇ.

ಕೊಂಚ ದೂರ ಹೋಗುವುದರಲ್ಲಿ ಗಸ್ತು ಪೊಲೀಸರ ಜೀಪು ಅಡ್ಡ ಬಂದು, ರಸ್ತೆಬದಿಗೆ ಹಾಕು ಅಂತ ಕೈ ಮಾಡಿತು.

"ಏನಯ್ಯಾ, ದಿಬ್ಬಣ ಹೊರಟಿದ್ದೀಯಾ? ಈ ರಸ್ತೇಲಿ ಐವತ್ತಕ್ಕಿಂತ ಕಮ್ಮಿ ಓಡಿಸೋ ಹಾಗಿಲ್ಲ."

"ಸಾರ್, ಬೀಗ ಬಿದ್ದಿದೆ. ನಿಲ್ಲಿಸಿದ್ರೆ ಸಾಯ್ತವೆ ಸಾರ್."

"ಯಾರು?"

"ಮರಿಗಳು."

ಪೊಲೀಸ್ ಕಿಂಡಿಯಲ್ಲಿ ಬಗ್ಗಿ ನೋಡಿದ. ಅವನ ಮುಖವೂ ಸಣ್ಣದಾಯಿತು. "ಅಯ್ಯೋ ಪಾಪ. ಆದ್ರೆ ಹೀಗೆ ಬಿಟ್ಟರೆ ಹಿಂದಿಂದ ಯಾರಾದ್ರೂ ಗುದ್ದಿ ಮನುಷ್ಯರು ಸಾಯ್ತಾರಲ್ಲಪ್ಪ. ನಿಮ್ಮ ಆಫೀಸಿಗೆ ಹೇಳು, ಬಿಡಿಸ್ಲಿ."

ರಾಕೆಟ್ ಆಫೀಸಿಗೆ ಫೋನು ಮಾಡಿದ. ಪೊಲೀಸ್ ಹೇಳಿದ್ದು ಸರಿ. ಫೋನೆತ್ತಿದ ಆಫೀಸಿನ ಹುಡುಗಿ ಹೇಳಿದ್ದೂ ಸರಿ. "ಅಣ್ಣ, ಬಿಡಿಸೋದು ಸುರಕ್ಷತೆ ವಿಭಾಗದ ಸಾಹೇಬರು ಒಬ್ಬರೇ. ಮೀಟಿಂಗಲ್ಲಿದ್ದಾರೆ, ಬಾಗಿಲು ಹಾಕಿದೆ. ನಾನು ಬಡಿದ್ರೆ ನನ್ನ ಕೆಲಸ ಹೋಗುತ್ತೆ." ಎಲ್ಲರೂ ಸರಿ. ಬೈಯೋಣವೆಂದರೆ ಯಾರನ್ನು?

ಹಿಂದಿನ ಬಾಗಿಲು ತೆರೆದ. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಹೊರಗೆ ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ. ಕ್ರೇಟುಗಳನ್ನು ಇಳಿಸಿ ಲಾರಿಯ ನೆರಳಿಗಿಟ್ಟ, ರಟ್ಟು ಹರಿದು ಬೀಸಿದ. ಪೊಲೀಸ್ ಟೋಪಿ ತೆಗೆದು ತಾನೂ ಬೀಸಿದ. ಒಳಗಿನ ಕ್ರೇಟುಗಳಲ್ಲಿ ಮರಿಗಳು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ಆಮೇಲೆ ಒಂದೊಂದಾಗಿ ಕತ್ತು ಚಾಚಿ ಮಲಗಿದವು. ಅವನು ಬೀಸುತ್ತಲೇ ಇದ್ದ.

ಆಫೀಸಿನವರು ಬೀಗ ಬಿಡಿಸಿದಾಗ ಬಿಸಿಲು ಇಳಿದಿತ್ತು.

ಅಕ್ಕನ ಶೆಡ್ಡಿನ ಮುಂದೆ ಲಾರಿ ನಿಂತಾಗ ಭಾವ ಕ್ರೇಟು ಇಳಿಸಿಕೊಂಡರು. ಅಕ್ಕ ನೆಲದ ಮೇಲೆ ಕೂತು ಬದುಕಿದ್ದನ್ನು ದೀಪದಡಿಗೆ ಬಿಟ್ಟಳು, ಸತ್ತದ್ದನ್ನು ಗೋಣಿಚೀಲಕ್ಕೆ ಹಾಕಿದಳು. ದೀಪದಡಿಯಲ್ಲಿ ಹಳದಿ ಗುಂಪು ಒಂದು ಹಿಡಿಯಷ್ಟು. ಗೋಣಿಚೀಲ ಮಾತ್ರ ಎರಡಾಯಿತು, ಮೂರಾಯಿತು.

"ಅಕ್ಕ, ಬೈಯೇ. ಏನಾದ್ರೂ ಅನ್ನು."

ಅವಳು ತಲೆಯೆತ್ತಲಿಲ್ಲ. "ನಿಮ್ಮ ಆಫೀಸಿಂದ ಫೋನ್ ಬಂದಿತ್ತು ಕಣೋ. ಡ್ರೈವರು ಅತಿ ವೇಗವಾಗಿ ಓಡಿಸಿದ್ದಕ್ಕೆ ತಡವಾಯ್ತು, ನಷ್ಟಕ್ಕೆ ಕಂಪನಿ ಹೊಣೆ ಅಲ್ಲ ಅಂದ್ರು. ವೇಗವಾಗಿ ಓಡಿಸಿದ್ರೆ ತಡ ಹೇಗಾಗುತ್ತೆ? ನೀನೇ ಹೇಳು, ಸುಳ್ಳು ತಾನೇ?"

ಸುಳ್ಳಾಗಿದ್ದರೆ ಅವನು ಆ ಆಫೀಸಿಗೆ ನುಗ್ಗಿ ಮೇಜು ಬುಡಮೇಲು ಮಾಡಿ ಬರುತ್ತಿದ್ದ.

"ನಿಜ ಅಕ್ಕ" ಅಂದ.