ಕಿವಿಗೆ ಹಚ್ಚಿ ನೋಡದ ಫೋನು

ಕೊಪ್ಪಳದ ಬಸ್ ನಿಲ್ದಾಣದ ಎದುರಿಗೆ ತಾಹೇರನ ಮೊಬೈಲ್ ರಿಪೇರಿ ಅಂಗಡಿ. ಒಬ್ಬ ಮನುಷ್ಯ ಉಸಿರು ಬಿಗಿಹಿಡಿದರೆ ಮಾತ್ರ ಹಿಡಿಸುವಷ್ಟು ಜಾಗ. ಆದರೆ ಅದರ ಮುಂದೆ ದಿನಾ ಕಮ್ಮಿ ಅಂದರೂ ಅರ್ಧ ಜಿಲ್ಲೆ ನಿಂತಿರುತ್ತಿತ್ತು. ಯಲಬುರ್ಗಾದಲ್ಲಿ ಫೋನು ಕೆಮ್ಮಿದರೆ ತಾಹೇರ ಇಲ್ಲಿ ಕುಂತೇ ಔಷಧ ಹೇಳುತ್ತಾನೆ ಅಂತ ಜನ ಅನ್ನುತ್ತಿದ್ದರು. ಜನ ಅನ್ನದ ದಿನ ತಾಹೇರನೇ ಅನ್ನುತ್ತಿದ್ದ.

ಅದರಲ್ಲೂ ಧ್ವನಿಯ ತಕರಾರು ಅಂದರೆ ಮುಗಿಯಿತು. ಗಂಗಾವತಿಯ ಅಕ್ಕಿ ಗಿರಣಿ ಸಾಹುಕಾರನ ಫೋನು ಮೂಕಾಗಿದ್ದಾಗ ತಾಹೇರ ಅದರ ತೂತಿಗೆ ಒಂದೇ ಸಲ ಊದಿದ್ದ. ಹೊರಬಿದ್ದ ತೌಡಿನಲ್ಲಿ ಎರಡು ಎಮ್ಮೆ ಒಂದು ವಾರ ಮೇದವು. ಅಂಗನವಾಡಿ ಟೀಚರ್ ಶಾಂತಕ್ಕ ಟ್ಯಾಬ್ ತಂದಾಗ ಅವನು ಅದನ್ನು ಮುಟ್ಟಲೂ ಇಲ್ಲ. "ಬ್ಲೂಟೂತ್ ಬಂದ್ ಮಾಡ್ರಿ ಟೀಚರ್. ನಿಮ್ಮ ಟ್ಯಾಬು ಬಾಜೂ ಮನಿ ಸ್ಪೀಕರ್ ಡಬ್ಬಿಯೊಳಗ ಹಾಡಾಕತ್ತೈತಿ" ಅಂದ. ಹೌದೇ ಆಗಿತ್ತು.

ಅವನ ಪರೀಕ್ಷೆಯೂ ಒಂದು ಆಟದಂತೆಯೇ ಇತ್ತು. ತನ್ನ ಫೋನನ್ನು ಬಾಜೂ ಚಹಾದಂಗಡಿಯ ಚಾಂದಸಾಬನ ಕೈಗೆ ಕೊಟ್ಟು, ರಿಪೇರಿಗೆ ಬಂದ ಫೋನಿನಿಂದ ಅದಕ್ಕೆ ಕರೆ ಹಚ್ಚಿ, ಸ್ಪೀಕರ್ ಮಾಡಿ, "ಹಲೋ! ತಾಹೇರ ಉಸ್ತಾದ್ ಮಾತಾಡಾಕತ್ತಾರ!" ಅಂತ ಕೂಗುತ್ತಿದ್ದ. ಅಲ್ಲಿಂದ ಚಾಂದಸಾಬ, "ಕೇಳಾಕತ್ತೈತೋ ಮಾರಾಯಾ, ಫೋನ್ ಇಲ್ಲದನೂ ಕೇಳಾಕತ್ತೈತಿ" ಅನ್ನುತ್ತಿದ್ದ. ನಿಯಮದ ಪ್ರಕಾರ ಮೂರು ಥರ ನೋಡಬೇಕು: ರೆಕಾರ್ಡ್ ಮಾಡಿ, ಕಿವಿಗೆ ಹಚ್ಚಿ, ಸ್ಪೀಕರ್ ಮಾಡಿ. ಕಿವಿಗೆ ಹಚ್ಚಿ ನೋಡಿದರೆ ಫೋನು ಗುಣವಾದದ್ದು ಒಬ್ಬನಿಗೇ ಗೊತ್ತಾಗುತ್ತದೆ. ಸ್ಪೀಕರ್ ಮಾಡಿದರೆ ಇಡೀ ಬಸ್ ನಿಲ್ದಾಣಕ್ಕೆ. ಹಾಗಾಗಿ ತಾಹೇರ ಮೊದಲಿನವೆರಡನ್ನು ಯಾವತ್ತೋ ಬಿಟ್ಟಿದ್ದ.

ಹೋದ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಗಾಳೇಶ ಬಂದ. ಗಿಣಿಗೇರಾದ ಉಕ್ಕಿನ ಕಾರ್ಖಾನೆಯೊಂದರಲ್ಲಿ ಕೆಲಸ. ಹೆಂಡತಿ ದುರ್ಗಾದೇವಿ, ಕುಷ್ಟಗಿಯ ಟೇಲರ್ ಬಾಲಪ್ಪನ ಮಗಳು. ಪಂಚಮಿಗೆ ತವರಿಗೆ ಹೋದವಳು ಹೋಗುವಾಗ ಆದ ಜಗಳಕ್ಕೆ ಅಲ್ಲೇ ಉಳಿದಿದ್ದಳು. ಅವಳ ಹತ್ತಿರ ಇದ್ದದ್ದು ಅಪ್ಪನ ಬಟನ್ ಫೋನು, ಬರೀ ಮಾತಿಗೆ ಬರುವಂಥದ್ದು. ಗಾಳೇಶ ಬಾಡಿಗೆ ಮನೆ ಬಿಟ್ಟು ಎಂಟು ಮಂದಿಯ ರೂಮು ಸೇರಿದ್ದ.

"ನನ್ನ ಮಾತು ಆಕಿಗೆ ಕೇಳಂಗಿಲ್ಲಂತ ನೋಡ್ರಿ ಉಸ್ತಾದ್. ಬರೇ ಹಲೋ ಹಲೋ ಅಂತಾಳ, ಇಟ್ಟುಬಿಡ್ತಾಳ."

"ಉಳಿದವ್ರಿಗೆ ಕೇಳ್ತೈತಿ?"

"ಎಲ್ಲಾರ್ಗೂ ಕೇಳ್ತೈತ್ರಿ."

ತಾಹೇರ ಸ್ಪೀಕರ್ ಮಾಡಿ ಕೂಗಿದ. ಚಾಂದಸಾಬ ಕೇಳಿತು ಅಂದ. ಸುತ್ತ ಹದಿನೈದು ಮಂದಿ ನಿಂತಿದ್ದರು. ಅಷ್ಟು ಮಂದಿಯನ್ನು ನಗಿಸದೆ ಕಳಿಸಿದರೆ ತಾಹೇರನಿಗೆ ಊಟ ಸೇರುತ್ತಿರಲಿಲ್ಲ.

"ಫೋನು ಗುಂಡುಕಲ್ಲಿನಂಗ ಐತಿ ತಮ್ಮಾ. ಕೆಟ್ಟದ್ದು ಕುಷ್ಟಗಿ ಕಡೆ. ಬ್ಯಾಡಾದ ಗಂಡನ ಮಾತು ಕೇಳಿಸೋ ಸ್ಪೀಕರ್ ಇನ್ನಾ ಯಾವ ಕಂಪನಿನೂ ಮಾಡಿಲ್ಲ!"

ಎಷ್ಟು ನಗು ಅಂತೀರಿ, ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನ ಗಾಜುಗಳು ನಡುಗಿದವು. ಗಾಳೇಶನೂ ನಕ್ಕ. ನಕ್ಕು, ಫೋನನ್ನು ಜೇಬಿಗಿಟ್ಟು, ಚಹಾ ಕುಡಿಯದೆ ಹೋದ.

ಎಂಟು ತಿಂಗಳಾದ ಮೇಲೆ ಅದೇ ಫೋನು ಕೊಟ್ಟು ಬೇರೊಂದು ಒಯ್ಯಲು ಬಂದ. ತಾಹೇರ ಸಲಿಗೆಯಿಂದ, "ಏನಪಾ, ಕುಷ್ಟಗಿ ರಿಪೇರಿ ಆತೇನು?" ಅಂದ.

"ಹಿರೇರು ಕುಂತು ನಮ್ಮಿಬ್ಬರ್ನೂ ಬಿಡಿಸಿದ್ರು. ಹೋದ ತಿಂಗಳು" ಅಂದ ಗಾಳೇಶ. "ಅವತ್ತ ನೀವ್ ಹೇಳಿದ್ದ ಖರೇ ಐತಿ ಅಂತ ಫೋನ್ ಹಚ್ಚೋದು ಬಿಟ್ಟೆ. ಛಲೋ ಹೇಳಿದ್ರಿ."

ಅವನು ಹೋದ. ಮಧ್ಯಾಹ್ನ, ಕರೆಂಟು ಇರಲಿಲ್ಲ. ಅಂಗಡಿಯ ಮುಂದೆ ಒಂದು ನಾಯಿಯೂ ಇರಲಿಲ್ಲ. ತಾಹೇರನ ಫೋನಿನ ಚಾರ್ಜು ಸತ್ತಿತ್ತು. ಸಾರಿಗೆ ಏನು ತರಬೇಕು ಅಂತ ಕೇಳಲು ಗಾಳೇಶನ ಹಳೆಯ ಫೋನಿಗೆ ತನ್ನ ಇನ್ನೊಂದು ಸಿಮ್ ಹಾಕಿ ಹೆಂಡತಿ ಮುಬಾಶಿರಾಳಿಗೆ ಹಚ್ಚಿದ. ನಗಿಸಲು ಯಾರೂ ಇಲ್ಲದ್ದರಿಂದ ಫೋನನ್ನು ಕಿವಿಗೆ ಹಚ್ಚಿದ.

"ಹಲೋ? ಹಲೋ? ಯಾಕ ಸುಮ್ಮನ ಅದೀರಿ? ಮಾತಾಡ್ರಿ!" ಅಂದಳು ಮುಬಾಶಿರಾ, ಇಟ್ಟುಬಿಟ್ಟಳು.

ಮತ್ತೆ ಹಚ್ಚಿದ. ಮತ್ತೆ ಹಾಗೇ. ಮೂರನೇ ಸಲ ಸ್ಪೀಕರ್ ಮಾಡಿದ. "ಈಗ ಕೇಳಾಕತ್ತೈತಿ ನೋಡ್ರಿ, ಇಷ್ಟೊತ್ತು ಏನಾಗಿತ್ತು?" ಅಂದಳು.

ಫೋನಿಗೆ ಎರಡು ಮೈಕು. ಸ್ಪೀಕರ್ ಮಾಡಿದರೆ ಮೇಲಿನದು ಮಾತು ಹಿಡಿಯುತ್ತದೆ, ಕಿವಿಗೆ ಹಚ್ಚಿದರೆ ಕೆಳಗಿನದು. ತಾಹೇರ ಫೋನು ಬಿಚ್ಚಿದ. ಕೆಳಗಿನ ಮೈಕಿನ ತೂತು ಕಾಣಲೇ ಇಲ್ಲ. ಕಾರ್ಖಾನೆಯ ಕಬ್ಬಿಣದ ಧೂಳನ್ನು ಪಕ್ಕದ ಸ್ಪೀಕರಿನ ಅಯಸ್ಕಾಂತ ಎಳೆದೆಳೆದು, ಅಲ್ಲಿ ಕರಿ ಬೆಕ್ಕಿನ ಬೆನ್ನಿನಂಥ ದಪ್ಪ ರೋಮ ಬೆಳೆಸಿತ್ತು. ಊದಿದರೆ ಹೋಗುವ ಗಂಗಾವತಿಯ ತೌಡಲ್ಲ ಅದು.

ಕಾರ್ಖಾನೆಯ ಗದ್ದಲದಲ್ಲಿ, ಎಂಟು ಮಂದಿಯ ರೂಮಿನಲ್ಲಿ ಗಾಳೇಶ ಎಲ್ಲರೊಂದಿಗೂ ಸ್ಪೀಕರ್ ಹಚ್ಚಿಯೇ ಮಾತಾಡಿರಬೇಕು. ಹೆಂಡತಿಯ ಜೊತೆ ಮಾತ್ರ, ಉಳಿದವರಿಗೆ ಕೇಳಬಾರದಂತ, ಫೋನನ್ನು ಕಿವಿಗೆ ಒತ್ತಿ, ಮೂಲೆ ಹಿಡಿದು. ಇದು ಹೊಳೆದಾಗ ತಾಹೇರನ ಕೈಯಲ್ಲಿದ್ದ ಚಿಮಟ ಜಾರಿತು. ಅವನು ಹುಡುಕಲೂ ಇಲ್ಲ.

ಮರುದಿನ ಅಂಗಡಿ ಬಾಗಿಲು ಹಾಕಿತ್ತು. ಕೊಪ್ಪಳ ಹುಟ್ಟಿದಾಗಿನಿಂದ ಹಾಗಾಗಿರಲಿಲ್ಲ. ತಾಹೇರ ಕುಷ್ಟಗಿ ಬಸ್ಸು ಹತ್ತಿದ್ದ.

ಬಾಲಪ್ಪನ ಮನೆಯ ಪಡಸಾಲೆಯಲ್ಲಿ ದುರ್ಗಾದೇವಿ ಹೊಲಿಗೆ ಮಶೀನಿನ ಮುಂದೆ ಕುಂತಿದ್ದಳು. ತಾಹೇರ ಬಾಗಿಲಲ್ಲೇ ನಿಂತು ಎಲ್ಲ ಹೇಳಿದ. ಧೂಳು ಹೇಳಿದ, ಮೈಕು ಹೇಳಿದ, ಹದಿನೈದು ಮಂದಿಯ ಮುಂದೆ ತಾನು ಆಡಿದ ಮಾತನ್ನೂ ಹೇಳಿದ. ಆ ಮಾತು ಅಲ್ಲಿ ಯಾರನ್ನೂ ನಗಿಸಲಿಲ್ಲ.

ಮಶೀನು ತುಳಿಯುತ್ತಿದ್ದ ಅವಳ ಕಾಲು ನಿಂತಿತು.

"ಮೂವತ್ತು ಸರ್ತಿ ಹಚ್ಚಿರಬೇಕು" ಅಂದಳು. "ಉಸುರು ಸೈತ ಕೇಳ್ತಿದ್ದಿಲ್ಲ. ಸುಮ್ಮನ ಕುಂತು ನನ್ನ ದನಿ ಕೇಳಿ ನಗಾಕತ್ತಾನ ಅಂತ ತಿಳಿದಿದ್ದೆ. ಆಮ್ಯಾಲೆ ಅದೂ ನಿಂತಿತು."

"ತಪ್ಪು ನಂದವ್ವಾ. ಅವಂದಲ್ಲ. ಈಗಿಂದೀಗ ಅವನ್ನ ಕರಕೊಂಡು ಬರ್ತೀನಿ."

"ಹುಲಿಹೈದರದಾಗ ಒಂದು ಗಂಡಿಗೆ ಮಾತು ಕೊಟ್ಟಾರ್ರಿ ನಮ್ಮಪ್ಪಾರು. ಅಮಾಸಿ ಕಳೀತಂದ್ರ ಅಕ್ಕಿಕಾಳು." ಅವಳು ಬಟ್ಟೆಯ ಅಂಚನ್ನು ನೇರ ಮಾಡಿದಳು. "ಕುಷ್ಟಗಿಗೆ ಬಸ್ಸೂ ಅದಾವಲ್ರಿ. ಬರಬೇಕಿತ್ತು ಅಂವಾ. ಅದು ನಿಮ್ಮ ತಪ್ಪಲ್ಲ ಬಿಡ್ರಿ."

ತಾಹೇರ ತಿರುಗಬೇಕೆಂದಾಗ ಅವಳೇ ಕೇಳಿದಳು, ಮಶೀನಿನತ್ತ ನೋಡುತ್ತ:

"ಅಷ್ಟು ಸರ್ತಿ ಹಚ್ಚಿ ಏನಂತಿದ್ನಂತ?"

ತಾಹೇರನ ನಾಲಿಗೆಗೆ ಇಂಥ ಪ್ರಶ್ನೆ ಹಬ್ಬದ ಊಟ. ಗಾಳೇಶ ಕಣ್ಣೀರಲ್ಲಿ ತುಂಗಭದ್ರೆ ಹರಿಸಿದ, ಆನೆಗೊಂದಿಯ ಬಂಡೆಗಳು ಕರಗಿದವು ಅಂತ ನಿಂತ ಕಾಲಲ್ಲಿ ಹೇಳಬಲ್ಲ ಗಂಡು ಅವನು. ಬಾಯಿ ತೆರೆದ. ಅವಳು ಕಾಯುತ್ತಿದ್ದಳು.

"ಗೊತ್ತಿಲ್ಲವ್ವಾ" ಅಂದ. "ನಾ ಕೇಳಲೇ ಇಲ್ಲ."

"ಹೋಗ್ಲಿ ಬಿಡ್ರಿ. ಈಗ ಹೋಗಿ ಕೇಳಬ್ಯಾಡ್ರಿ ಮತ್ತ. ಅವಗ ಇದನ್ನ ಹೇಳಲೂ ಬ್ಯಾಡ್ರಿ. ನನ್ನ ಮ್ಯಾಲೆ ಸಿಟ್ಟರ ಇರ್ಲಿ. ಸಿಟ್ಟಿದ್ದ ಮನಷ್ಯಾ ಹೊತ್ತಿಗೆ ಸರಿಯಾಗಿ ಉಣ್ತಾನ."

ಮಶೀನು ಮತ್ತೆ ಶುರುವಾಯಿತು. ತಾಹೇರ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ. ಹಗಲೆಲ್ಲ ಹದಿನೈದು ಮಂದಿಯ ಮುಂದೆ ಆಡುವ ಆ ಬಾಯಿಗೆ, ಯಾರಿಗೂ ಹೇಳಬಾರದ ಮಾತೊಂದು ಸಿಕ್ಕಿತ್ತು.