ಒಂದೂವರೆ ಸುತ್ತು

ಮುಂಡಗೋಡ ಬಸ್ ನಿಲ್ದಾಣದ ಎದುರಿನ ತನ್ನ ಅಂಗಡಿಯಲ್ಲಿ ಕಾಶಿರಾಮ ಪಿಸ್ತೂಲಿನ ಟ್ರಿಗರಿಗೆ ಐದು ಕಿಲೋ ತೂಕದ ಕಲ್ಲು ಕಟ್ಟಿ ಮೇಲೆತ್ತಿದ. ಟ್ರಿಗರ್ ಮಿಸುಕಲಿಲ್ಲ. ಎರಡು ಕಿಲೋ ಕಲ್ಲನ್ನೂ ಸೇರಿಸಿದ ಮೇಲೆ ಕರಕರ ಎನ್ನುತ್ತ, ನಡುವೆ ಎರಡು ಸಲ ತಡೆದು, ಹಿಂದಕ್ಕೆ ಬಂತು.

“ಏಳು ಕಿಲೋ ಆತು ನೋಡ್ರಿ ಅಕ್ಕಾರ. ಇಂಥಾದ್ದನ್ನ ಸಿಪಾಯಿ ಕೈಗೆ ಕೊಟ್ಟಿದ್ರ ನನ್ನ ತೋಳಿನ ಪಟ್ಟಿ ಕಿತ್ತು ಒಗೀತಿದ್ರು.”

ಕಾಶಿರಾಮ ಸೈನ್ಯದಲ್ಲಿ ಹದಿನೇಳು ವರ್ಷ ಬಂದೂಕು ರಿಪೇರಿ ಮಾಡಿದವನು. ನಿವೃತ್ತಿಯಾಗಿ ಬಂದು ಲೈಸೆನ್ಸು ಪಡೆದು ಅದೇ ಕೆಲಸಕ್ಕೆ ಕೂತಿದ್ದ. ಊರೆಲ್ಲ ಅವನನ್ನು ಹವಾಲ್ದಾರ ಎಂದೇ ಕರೆಯುತ್ತಿತ್ತು.

ಎದುರಿಗೆ ಕೂತಿದ್ದ ಸನವಳ್ಳಿ ದೇಸಾಯರ ಮನೆಯ ಶಿವವ್ವ ನಗಲಿಲ್ಲ. ಬಾತ ಗಿಣ್ಣುಗಳ ಮೇಲೆ ಸೆರಗು ಎಳೆದುಕೊಂಡಳು. “ಚಿಕುನ್‌ಗುನ್ಯಾ ಬಂದು ಹೋದಾಗಿಂದ ರೊಟ್ಟಿ ಬಡಿಯಾಕೂ ಬರವಲ್ದು ಹವಾಲ್ದಾರ್ರ. ದಸರಾಕ್ಕ ಎಷ್ಟು ದಿನ ಉಳಿದಾವು?”

“ಹನ್ನೆರಡು.”

ದೇಸಾಯರ ಮನೆಯಲ್ಲಿ ವಿಜಯದಶಮಿಯ ಬೆಳಿಗ್ಗೆ ಹಿತ್ತಲಿನ ಮಣ್ಣುದಿಬ್ಬಕ್ಕೆ ಬಾಳೆದಿಂಡು ಆನಿಸಿ ನಿಲ್ಲಿಸುತ್ತಾರೆ. ಮಹಾಯುದ್ಧದ ಕಾಲದ ಈ ಪಿಸ್ತೂಲಿನಿಂದ ಅದಕ್ಕೆ ಗುಂಡು ಹೊಡೆದವರೇ ಆ ವರ್ಷ ಮನೆಯ ಯಜಮಾನರು. ಒಂದೇ ಕೈ, ಒಂದೇ ಎಳೆತ. ಗುಂಡಿನ ಬೆನ್ನಿಗೆ ಬಡಿಯುವ ಹ್ಯಾಮರನ್ನು ಹೆಬ್ಬೆರಳಿನಿಂದ ಮೊದಲೇ ಹಿಂದಕ್ಕೆ ಎಳೆದಿಡುವಂತಿಲ್ಲ. ಮೂರು ಅವಕಾಶ, ತಪ್ಪಿದರೆ ಸರದಿ ಮುಂದಿನವರಿಗೆ. ಇಪ್ಪತ್ತೆರಡು ವರ್ಷ ಹೊಡೆದ ಶಿವವ್ವನ ಗಂಡ ಬಸಲಿಂಗಪ್ಪ ಹೋದ ವರ್ಷ ತೀರಿಕೊಂಡ. ಪಿಸ್ತೂಲಿನ ಲೈಸೆನ್ಸು ಅವಳ ಹೆಸರಿಗಾಗಿತ್ತು. ಯಜಮಾನಿಕೆ ಇನ್ನೂ ಆಗಿರಲಿಲ್ಲ. ಮೈದುನ ವೀರೇಶ ತನ್ನ ಹೆಂಡತಿಯ ಅಣ್ಣನಿಗೆ, ಒಬ್ಬ ಹೆಂಡತಿಯನ್ನು ಮಣ್ಣು ಮಾಡಿ ಇನ್ನೊಬ್ಬಳನ್ನು ಓಡಿಸಿದ ನಲವತ್ತರ ಗಂಡಿಗೆ, ಶಿವವ್ವನ ಮಗಳು ಸೌಂದರ್ಯಾಳನ್ನು ಕೊಡುವುದೆಂದು ಮಾತಾಡಿಬಿಟ್ಟಿದ್ದ. ಹುಡುಗಿ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಎರಡನೇ ವರ್ಷ. ಆ ಮಾತನ್ನು ಮುರಿಯಲು ಯಜಮಾನರಿಗೆ ಮಾತ್ರ ಸಾಧ್ಯ.

ಸ್ಪ್ರಿಂಗು ತೆಳ್ಳಗೆ ಮಾಡಿದ್ದರೆ ಕೆಲಸ ಒಂದು ತಾಸಿನದು. ಆದರೆ ಸ್ಪ್ರಿಂಗಿನ ಬಲ ಹೋದರೆ ಹ್ಯಾಮರಿನ ಹೊಡೆತವೂ ಸಾಯುತ್ತದೆ. ಟ್ರಿಗರ್ ಹಗುರವಾಗಿ ಬರುತ್ತದೆ, ಗುಂಡು ಸಿಡಿಯುವುದಿಲ್ಲ. ಕಾಶಿರಾಮ ಅಂಥ ಕೆಲಸ ಮಾಡುವವನಲ್ಲ. ಎಂಬತ್ತು ವರ್ಷದ ಜಿಡ್ಡು ತೆಗೆದ. ಒಂದಕ್ಕೊಂದು ಉಜ್ಜುವ ಭಾಗಗಳನ್ನು ಎಣ್ಣೆಗಲ್ಲಿನ ಮೇಲೆ ದಿನವೂ ಸ್ವಲ್ಪ ಸ್ವಲ್ಪ ತಿಕ್ಕಿದ. ಹೆಚ್ಚಾಯಿತೇನೋ ಎಂದು ಹೆದರಿ ರಾತ್ರಿ ನಿದ್ದೆಗೆಟ್ಟ. ಒಂಬತ್ತನೆಯ ದಿನ ನಾಲ್ಕು ಕಿಲೋ ಕಲ್ಲಿಗೆ ಟ್ರಿಗರ್ ನುಣ್ಣಗೆ ಬಂತು. ಶಿವವ್ವ ಬಂದು ಖಾಲಿ ಪಿಸ್ತೂಲನ್ನು ಎಳೆದು ನೋಡಿದಳು. ಮತ್ತೊಮ್ಮೆ ಎಳೆದಳು. ಆಮೇಲೆ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಮರುದಿನ ವೀರೇಶ ಬಂದ. ಅಂಗಡಿಯ ಜಾಗ ಅವನದು. ಅದರ ಹಿಂದಿನ ಎರಡು ಕೋಣೆಗಳಲ್ಲೇ ಕಾಶಿರಾಮ ಹೆಂಡತಿ ಜಮುನಾಬಾಯಿಯೊಂದಿಗೆ ಇದ್ದ.

“ನಮ್ಮ ಶಿವವ್ವ ವೈನಿಗೆ ಭಾಳ ಚಲೋ ಮಾಡಿ ಕೊಟ್ಟೀಯಂತ.”

“ಹೌದ್ರಿ ದೇಸಾಯರ.”

“ಅದರಾಗಿಂದ ಗುಂಡು ಸಿಡೀಬಾರದು.”

ಕಾಶಿರಾಮ ಕೈಯಲ್ಲಿದ್ದ ಅರ ಕೆಳಗಿಟ್ಟ. “ಮತ್ತ ಬಿಗಿ ಮಾಡಂತೀರೇನ್ರಿ?”

“ಛೆ, ಛೆ! ಹಗೂರನ ಇರ್ಲಿ. ಆಕಿ ಎಳೀಬೇಕು, ಮಂದಿ ನೋಡಬೇಕು. ಬೆರಳು ಸೋತರ ಅಯ್ಯೋ ಪಾಪ ಅಂತಾರ. ಬೆರಳು ಎಳದು ಗುಂಡು ಬರಲಿಲ್ಲ ಅಂದ್ರ ದೇವರಿಗೇ ಬ್ಯಾಡಾಗೇತಿ ಅಂತಾರ.” ಒಳಗೆ ಇಣುಕಿ ಕೇಳಿದ: “ಜಮುನಾಬಾಯಿ ಮಂಡಿ ಹೆಂಗೈತಿ? ಈ ವಯಸ್ಸಿನ್ಯಾಗ ಮನಿ ಬದಲಿ ಮಾಡೂದು ತ್ರಾಸ ನೋಡಪಾ.”

ವೀರೇಶ ಉತ್ತರಕ್ಕಾಗಿ ನಿಲ್ಲದೆ ಹೊರಟುಹೋದ.

ಪಿಸ್ತೂಲಿನ ಹಿಡಿಕೆಯ ಮುಂಬದಿಗೆ, ಕೆಳತುದಿಯಲ್ಲಿ, ಸಣ್ಣದೊಂದು ಸ್ಕ್ರೂ ಇರುತ್ತದೆ. ಒಳಗಿನ ಸ್ಪ್ರಿಂಗನ್ನು ಒತ್ತಿ ಹಿಡಿಯುವುದು ಅದೇ. ದಸರೆಯ ಬೆಳಿಗ್ಗೆ, ರೂಢಿಯಂತೆ ಪಿಸ್ತೂಲು ಒರೆಸಿ ಕೊಡುವಾಗ, ಕಾಶಿರಾಮ ಬಟ್ಟೆಯೊಳಗೆ ಅದನ್ನು ಒಂದೂವರೆ ಸುತ್ತು ಸಡಿಲಿಸಿದ.

ಬಾಳೆದಿಂಡಿನತ್ತ ಶಿವವ್ವ ಬಲಗೈ ಚಾಚಿದಳು. ಎಳೆದಳು.

ಟಕ್.

ಹಿತ್ತಲಿನಲ್ಲಿ ನೆರೆದವರು ಮುಂದಕ್ಕೆ ಬಾಗಿ ನೋಡಿದರು. ಎರಡನೆಯ ಸಲವೂ ಟಕ್ ಎಂದಿತು. “ವೈನಿ, ಸೀರಿ ಸೆರಗು ಕಂಡು ಗುಂಡು ನಾಚಿಕೊಂಡೈತಿ!” ಎಂದ ವೀರೇಶ. ಗಂಡಸರು ನಕ್ಕರು, ಹೆಂಗಸರೂ ನಕ್ಕರು. ಮೂರನೆಯ ಸಲ ಎಳೆಯುವಾಗ ಅವಳ ತುಟಿ ಏನೋ ಬೇಡಿಕೊಳ್ಳುತ್ತಿತ್ತು. ಟಕ್.

“ಹವಾಲ್ದಾರ, ಏನಾಗೇತಿ ನೋಡು. ಆಮ್ಯಾಲೆ ಮೋಸ ಅನಬಾರದು,” ಎಂದ ವೀರೇಶ.

ಕಾಶಿರಾಮ ಗುಂಡುಗಳನ್ನು ತೆಗೆದು ಎಲ್ಲರಿಗೂ ತೋರಿಸಿ, ಅವನ್ನೇ ಮತ್ತೆ ತುಂಬಿದ. ಒರೆಸುವ ಬಟ್ಟೆಯೊಳಗೆ ಆ ಸ್ಕ್ರೂವನ್ನು ಒಂದೂವರೆ ಸುತ್ತು ಬಿಗಿದ. ವೀರೇಶ ಕೈ ಚಾಚಿ ನಿಂತ, ಎಳೆದ. ಸದ್ದಿಗೆ ಹುಣಸೆಮರದ ಕಾಗೆಗಳೆಲ್ಲ ಎದ್ದವು. ಬಾಳೆದಿಂಡಿನಿಂದ ನೀರು ಸೋರತೊಡಗಿತು.

ಅದೇ ಗುಂಡು ಇವನ ಕೈಯಲ್ಲಿ ಸಿಡಿಯಿತಲ್ಲ ಎಂದು ಮಂದಿ ಮಾತಾಡಿಕೊಂಡರು. ಯಜಮಾನಿಕೆಯ ಕೀಲಿಗೊಂಚಲು ವೀರೇಶನ ಸೊಂಟಕ್ಕೆ ಹೋಯಿತು.

ಸಂಜೆ ಶಿವವ್ವ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಳು. ಕಾಶಿರಾಮನ ಅಂಗೈಗೆ ಬನ್ನಿ ಎಲೆ ಇಟ್ಟಳು. “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ. ನಿಮ್ಮ ಕೆಲಸದಾಗ ಏನೂ ಕೊರತಿ ಇದ್ದಿದ್ದಿಲ್ಲ. ಟ್ರಿಗರ್ ಬೆಣ್ಣಿಹಂಗ ಬಂತು. ಈಕಿ ಮಾತ್ರ ಕೇಳವಲ್ಲಳು. ಕಾಕಾ ಏನೋ ಮಾಡಿಸ್ಯಾನ, ಮದುವಿ ಆಗಂಗಿಲ್ಲ ಅಂತಾಳ. ದೇವರು ಬ್ಯಾಡಂದ ಮ್ಯಾಲೆ ನಾ ಏನ್ ಮಾಡ್ಲಿ? ನೀವಽ ಒಂದು ಮಾತು ಹೇಳ್ರಿ ಹವಾಲ್ದಾರ್ರ. ನೀವು ಹೇಳಿದ್ರ ನಂಬ್ತಾಳ.”

ಸೌಂದರ್ಯಾ ಅವನ ಮುಖವನ್ನೇ ನೋಡುತ್ತಿದ್ದಳು. ಒಳಗಿನ ಕೋಣೆಯಲ್ಲಿ ಜಮುನಾಬಾಯಿ ಮಂಡಿ ಹಿಡಿದುಕೊಂಡು ಏಳುವ ಸದ್ದಾಯಿತು.

“ಪಿಸ್ತೂಲಿಗೆ ಏನೂ ಆಗಿದ್ದಿಲ್ಲವ್ವಾ,” ಎಂದ ಕಾಶಿರಾಮ. “ನಾನಽ ನೋಡೇನಿ.”

ಹುಡುಗಿ ಇನ್ನೂ ಒಂದು ಗಳಿಗೆ ನೋಡಿದಳು. ಆಮೇಲೆ ಬಗ್ಗಿ, ಹಿರಿಯರಿಗೆ ಮಾಡುವಂತೆ, ಅವನ ಕಾಲು ಮುಟ್ಟಿದಳು.